ಫೇಲಾದ ಮಕ್ಕಳನ್ನ ಈ ಮೂರು ವಾರ ಒಂಟಿಯಾಗಿ ಬಿಡಬೇಡಿ

ಮಾನ್ಯ ಸಂಪಾದಕರೇ,

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ಕ್ಕೆ ಕೂತಿದ್ದ ಮಕ್ಕಳು 8,42,173, ಪಾಸಾದೋರು 5,24,984, ಅಂದ್ರೆ 62.34 ಪರ್ಸೆಂಟ್. 625ಕ್ಕೆ 625 ತೆಗೆದೋರು 22 ಜನ. ಆ 22 ಮಕ್ಕಳ ಫೋಟೋ ಎಲ್ಲಾ ಪೇಪರಲ್ಲೂ ಟೀವೀಲೂ ಬಂತು, ಬರ್ಲೇಬೇಕು, ಕಷ್ಟಪಟ್ಟು ಓದಿದ ಮಕ್ಕಳು. ಆದ್ರೆ ಫೇಲಾದ ಮೂರು ಲಕ್ಷಕ್ಕೂ ಜಾಸ್ತಿ ಮಕ್ಕಳು ಆ ವಾರ ಎಲ್ಲಿದ್ರು, ಏನ್ ಮಾಡ್ತಿದ್ರು, ಯಾರು ಅವರ ಜೊತೆ ಮಾತಾಡಿದ್ರು ಅಂತ ಯಾರೂ ಕೇಳಲ್ಲ. ಪ್ರತಿ ವರ್ಷನೂ ಇದೇ ಕತೆ. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಹಾಕಿ.

ನಾನು ದಾವಣಗೆರೇಲಿ ಜೆರಾಕ್ಸ್ ಮತ್ತೆ ಆನ್‌ಲೈನ್ ಅರ್ಜಿ ತುಂಬೋ ಅಂಗಡಿ ಇಟ್ಕೊಂಡಿದೀನಿ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ ನಿಜ, ಆದ್ರೂ ರಿಸಲ್ಟ್ ದಿನ ವೆಬ್‌ಸೈಟ್ ಓಪನ್ ಆಗ್ದೇ ಸುತ್ತುತ್ತಾ ಇರುತ್ತೆ, ಪ್ರಿಂಟ್ ಬೇಕಾಗುತ್ತೆ, ಹಂಗಾಗಿ ಸುತ್ತಮುತ್ತ ಹಳ್ಳಿಯಿಂದ ಅಪ್ಪ ಮಕ್ಕಳು ಇಬ್ರೂ ಬಂದು ನಿಂತಿರ್ತಾರೆ. ರಿಜಿಸ್ಟರ್ ನಂಬರ್, ಹುಟ್ಟಿದ ತಾರೀಖು ಹೊಡೆದ್ರೆ ಆರು ಸಬ್ಜೆಕ್ಟೂ ಸಾಲಾಗಿ ಬರುತ್ತೆ, ಎಲ್ಲರ ಕಣ್ಣು ಮೊದ್ಲು ಹೋಗೋದು ಪಾಸೋ ಫೇಲೋ ಅನ್ನೋ ಕಡೆಗೇ. ಆನಗೋಡು ಕಡೆ ಹುಡುಗಿ ಒಬ್ಳಿಗೆ ಕನ್ನಡ 98, ಸಮಾಜ 71, ಹಿಂದಿ 61, ಇಂಗ್ಲಿಷ್ 52, ವಿಜ್ಞಾನ 41, ಗಣಿತ ಮಾತ್ರ 24. ಅವರಪ್ಪ ಪ್ರಿಂಟ್ ಇಸ್ಕೊಂಡು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟು "ನಡಿ ಮನಿಗೆ" ಅಂದ್ರು. ಯಜಮಾನ್ರೇ, ಹೋಗಿರೋದು ಒಂದೇ ಸಬ್ಜೆಕ್ಟು ಅಂದೆ. "ಹೋದ್ಮೇಲೆ ಒಂದಾದ್ರೇನು ಆರಾದ್ರೇನು ಬಿಡ್ರಿ ಸಾರ್" ಅಂದ್ರು. ಆ ಹುಡುಗಿ ಕೌಂಟರ್ ಮೇಲಿದ್ದ ಪಿನ್ ಡಬ್ಬಿ ನೋಡ್ತಾ ನಿಂತಿದ್ಳು, ಮುಖ ಎತ್ಲಿಲ್ಲ.

ಒಂದಕ್ಕೂ ಆರಕ್ಕೂ ಭಾಳ ವ್ಯತ್ಯಾಸ ಐತೆ ಅಂತ ಆವತ್ತು ನಿಂತು ಪೂರ್ತಿ ಹೇಳೋಕೆ ಆಗ್ಲಿಲ್ಲ, ಹಿಂದೆ ಕ್ಯೂ ಇತ್ತು. ಇಲ್ಲಿ ಹೇಳ್ತೀನಿ.

2024ರಿಂದ ನಮ್ಮ ರಾಜ್ಯದಲ್ಲಿ ಹಳೇ ಸಪ್ಲಿಮೆಂಟರಿ ಅನ್ನೋದೇ ಇಲ್ಲ. ಪರೀಕ್ಷೆ-1, ಪರೀಕ್ಷೆ-2 ಅಂತ ಒಂದೇ ವರ್ಷದಲ್ಲಿ ಒಂದಕ್ಕಿಂತ ಜಾಸ್ತಿ ಸಲ ಬರೀಬಹುದು (2024, 2025ರಲ್ಲಿ ಪರೀಕ್ಷೆ-3 ಕೂಡ ಇತ್ತು), ಯಾವುದರಲ್ಲಿ ಜಾಸ್ತಿ ಬಂದಿರುತ್ತೋ ಅದೇ ಮಾರ್ಕ್ಸ್ ಉಳಿಯುತ್ತೆ. ಹೋಗಿರೋ ಸಬ್ಜೆಕ್ಟ್ ಮಾತ್ರ ಬರೆದ್ರೆ ಸಾಕು, ಪಾಸಾಗಿರೋದನ್ನ ಮತ್ತೆ ಮುಟ್ಟೋದೇ ಬೇಡ. ಪರೀಕ್ಷೆ-2ರಲ್ಲಿ ಪಾಸಾದ್ರೆ ಅದೇ ವರ್ಷ ಪಿಯುಸಿಗೋ ಡಿಪ್ಲೊಮಾಗೋ ಸೇರ್ಕೋಬಹುದು, ವರ್ಷ ಹಾಳಾಗಲ್ಲ. 2025-26ರಿಂದ ಪಾಸಿಂಗ್ ಮಾರ್ಕ್ಸನ್ನೂ ಇಳಿಸಿದಾರೆ, ಒಟ್ಟು 625ಕ್ಕೆ 206 ಬರ್ಬೇಕು, ಪ್ರತಿ ಸಬ್ಜೆಕ್ಟಲ್ಲಿ ಕಮ್ಮಿ ಅಂದ್ರೂ 30 ಪರ್ಸೆಂಟ್ ಇರ್ಬೇಕು. ಆ ಲೆಕ್ಕದಲ್ಲಿ ಆ ಹುಡುಗಿಗೆ ಕಮ್ಮಿ ಬಿದ್ದಿರೋದು ಆರು ಮಾರ್ಕ್ಸ್. ಆರು ಮಾರ್ಕ್ಸಿಗೆ ಆ ಮನೇಲಿ ಒಲೆ ಹಚ್ಚಿರ್ತಾರೋ ಇಲ್ವೋ ಗೊತ್ತಿಲ್ಲ.

ಆದ್ರೆ ಟೈಮ್ ಭಾಳ ಕಮ್ಮಿ, ನಾನು ಹೇಳ್ಬೇಕು ಅಂತಿರೋ ಮುಖ್ಯ ವಿಷಯನೇ ಅದು. 2025ರಲ್ಲಿ ರಿಸಲ್ಟ್ ಬಂದಿದ್ದು ಮೇ 2ಕ್ಕೆ, ಪರೀಕ್ಷೆ-2 ಶುರುವಾಗಿದ್ದು ಮೇ 26ಕ್ಕೆ. ಮಧ್ಯ ಇರೋದು ಮೂರು ವಾರ ಚಿಲ್ರೆ. ಅದರಲ್ಲೂ ಹೆಸರು ನೋಂದಾಯಿಸೋಕೆ ಕೊನೇ ದಿನಾಂಕ ಅಂತ ಇನ್ನೂ ಮುಂಚೆನೇ ಮುಗಿದುಬಿಡುತ್ತೆ. ಈ ಮೂರು ವಾರದಲ್ಲಿ ಮೊದಲನೇ ವಾರ ಮನೇಲಿ ಬೈಗುಳ, ಅಳು, ಅಪ್ಪ ಅಮ್ಮಂಗೆ ನೀನೇ ಮೊಬೈಲ್ ಕೊಡಿಸಿದ್ದು ಅಂತ ಜಗಳ, ಎರಡನೇ ವಾರ ಯಾವುದೋ ಮದುವೆ, ಮೂರನೇ ವಾರ ಯಾರಾದ್ರೂ ಹೇಳಿದ್ಮೇಲೆ ಗೊತ್ತಾಗುತ್ತೆ ಡೇಟ್ ಮುಗೀತು ಅಂತ. ನನ್ನ ಅಂಗಡಿಗೆ ಹಂಗೆ ಡೇಟ್ ಮುಗಿದ ಮೇಲೆ ಓಡಿ ಬರೋ ಅಮ್ಮಂದಿರು ಇದಾರೆ, "ಹೆಂಗಾರಾ ಮಾಡಿ ಹಾಕ್ಕೊಡಪ್ಪ" ಅಂತಾರೆ, ಏನು ಮಾಡೋಕಾಗುತ್ತೆ ಹೇಳಿ.

ಇನ್ನೊಂದು ವಿಷಯ ಭಾಳ ಜನಕ್ಕೆ ಗೊತ್ತಿಲ್ಲ. ಈ ನೋಂದಣಿ ನಮ್ಮಂಥ ಅಂಗಡೀಲಿ ಆಗಲ್ಲ, ಓದಿದ ಶಾಲೆಯಿಂದಾನೇ ಹೆಡ್ ಮೇಷ್ಟ್ರ ಲಾಗಿನ್‌ನಿಂದ ಆಗ್ಬೇಕು. ಅಂದ್ರೆ ಫೇಲಾದ ಮಗು ಯಾವ ಗೇಟ್ ಒಳಗೆ ಕಾಲಿಡೋಕೆ ನಾಚಿಕೆ ಪಡ್ತಿದೆಯೋ ಅದೇ ಗೇಟಿಂದ ಹೋಗ್ಬೇಕು. ಗೇಟಿಗೆ ಆಗ್ಲೇ ಟಾಪರ್‌ಗಳ ಫ್ಲೆಕ್ಸ್ ಕಟ್ಟಿರ್ತಾರೆ. ಹದಿನಾರು ವರ್ಷದ ಹುಡುಗ ಅದರ ಕೆಳಗೆ ನಡ್ಕೊಂಡು ಸ್ಟಾಫ್ ರೂಮಿಗೆ ಹೋಗಿ "ಸಾರ್ ನಾನು ಗಣಿತದಲ್ಲಿ ಹೋಗಿದೀನಿ" ಅಂತ ಹೇಳೋದು ದೊಡ್ಡೋರಿಗೆ ಸಣ್ಣ ಕೆಲಸ ಅನ್ಸುತ್ತೆ, ಅವನಿಗೆ ಅಷ್ಟು ಸಣ್ಣದಲ್ಲ. ಅದಕ್ಕೆ ಹುಡುಗನ್ನ ಒಬ್ಬನ್ನೇ ಕಳಿಸ್ಬೇಡಿ. ಅಪ್ಪಗೆ ಕೂಲಿ ಬಿಟ್ಟು ಬರೋಕಾಗಲ್ಲ ಅಂದ್ರೆ ಅಕ್ಕ, ಚಿಕ್ಕಪ್ಪ, ಪಕ್ಕದ ಮನೆ ಆಂಟಿ ಯಾರಾದ್ರೂ ಜೊತೆಗೆ ಹೋಗ್ರಿ.

ಶಾಲೆಯೋರಿಗೂ ಕೈ ಮುಗಿದು ಕೇಳ್ಕೋತೀನಿ, ರಿಸಲ್ಟ್ ಬಂದ ದಿನ ಸಾಯಂಕಾಲನೇ ಹೋಗಿರೋ ಮಕ್ಕಳ ಲಿಸ್ಟ್ ನಿಮ್ಮ ಕೈಲಿರುತ್ತೆ, ಫೋನ್ ನಂಬರೂ ಇರುತ್ತೆ. ಕ್ಲಾಸ್ ಟೀಚರ್ ಒಂದು ಫೋನ್ ಮಾಡಿ "ನಾಳೆ ಹತ್ತು ಗಂಟೆಗೆ ಬಾ, ಫಾರ್ಮ್ ತುಂಬೋಣ, ನಾನಿರ್ತೀನಿ" ಅಂದ್ರೆ ಸಾಕು, ಆ ಮನೇಲಿ ಆವತ್ತಿನ ರಾತ್ರಿನೇ ಬೇರೆ ಥರ ಇರುತ್ತೆ. ಸರ್ಕಾರಿ ಶಾಲೆ ಎಷ್ಟೋ ಮೇಷ್ಟ್ರು ಇದನ್ನ ಯಾರೂ ಹೇಳದೇನೇ ಮಾಡ್ತಾರೆ, ರಜೇಲಿ ಬಂದು ಸ್ಪೆಷಲ್ ಕ್ಲಾಸೂ ತಗೋತಾರೆ, ಅವರಿಗೆ ಯಾರೂ ಶಾಲು ಹೊದಿಸಲ್ಲ. ಇನ್ನು ಕೆಲವು ಕಡೆ ಒಂಬತ್ತನೇ ಕ್ಲಾಸಲ್ಲೇ ವೀಕ್ ಇರೋ ಮಗೂಗೆ ಟಿಸಿ ತಗೊಂಡು ಹೋಗಿ ಅಂತಾರೆ, ಶಾಲೆ ರಿಸಲ್ಟ್ ನೂರಕ್ಕೆ ನೂರು ಬರ್ಬೇಕಲ್ಲ ಅಂತ. ಅದು ತಪ್ಪು, ಎಷ್ಟು ದೊಡ್ಡ ಬಿಲ್ಡಿಂಗ್ ಇದ್ರೂ ತಪ್ಪು.

ಜಿಲ್ಲಾ ರ‍್ಯಾಂಕಿನ ಹುಚ್ಚೂ ಕಮ್ಮಿ ಆಗ್ಬೇಕು. ನಮ್ಮ ಪಕ್ಕದ ಚಿತ್ರದುರ್ಗ 2023ರಲ್ಲಿ ಇಡೀ ರಾಜ್ಯಕ್ಕೇ ಫಸ್ಟ್ ಬಂದಿತ್ತು, ಮಾರನೇ ವರ್ಷ ಕೆಳಗೆ ಜಾರ್ತು. ರಾಜ್ಯದ ರಿಸಲ್ಟೇ 2023ರಲ್ಲಿ 83.89 ಇದ್ದಿದ್ದು, 2024ರಲ್ಲಿ ಪರೀಕ್ಷಾ ಹಾಲಿಗೆ ವೆಬ್‌ಕಾಸ್ಟಿಂಗ್, ಅಂದ್ರೆ ಕ್ಯಾಮೆರಾ ಇಟ್ಟು ನೇರವಾಗಿ ನೋಡೋದು, ಬಂದ್ಮೇಲೆ 73.40ಕ್ಕೆ ಬಂತು, ಅದೂ ಗ್ರೇಸ್ ಮಾರ್ಕ್ಸ್ ಕೊಟ್ಟ ಮೇಲೆ. ಒಂದೇ ವರ್ಷದಲ್ಲಿ ದುರ್ಗದ ಮಕ್ಕಳೆಲ್ಲಾ ದಡ್ಡರಾಗಿಬಿಟ್ರಾ? ಪರೀಕ್ಷೆ ನಡೆಸೋ ರೀತಿ ಬದಲಾದ್ರೆ ನಂಬರ್ ಬದಲಾಗುತ್ತೆ, ಅದರ ಸಿಟ್ಟನ್ನ ಒಂದು ಮಗುವಿನ ಮೇಲೆ ತೀರಿಸ್ಕೋಬಾರ್ದು.

ಈಗ ಓದೋ ವಿಷಯಕ್ಕೆ ಬರ್ತೀನಿ. ಮೂರು ವಾರದಲ್ಲಿ ಗಣಿತ ಪೂರ್ತಿ ಕಲಿಯೋಕೆ ಆಗುತ್ತಾ ಅಂತ ಕೇಳ್ತಾರೆ. ಪೂರ್ತಿ ಆಗಲ್ಲ, ಪೂರ್ತಿ ಬೇಕಾಗೂ ಇಲ್ಲ. ನಮ್ಮ ಅಂಗಡಿಗೆ ಮಾಡೆಲ್ ಪೇಪರ್ ಜೆರಾಕ್ಸ್‌ಗೆ ಬರೋ ಒಬ್ಬ ಗಣಿತ ಮೇಷ್ಟ್ರು ಕೌಂಟರ್ ಮೇಲೇ ಪೆನ್ನಲ್ಲಿ ಗುರುತು ಹಾಕಿ ತೋರ್ಸಿದ್ರು. ಎರಡು ಚರಾಕ್ಷರದ ಸಮೀಕರಣನ ಗ್ರಾಫ್ ಎಳೆದು ಬಿಡಿಸೋ ಲೆಕ್ಕಕ್ಕೆ 4 ಮಾರ್ಕ್ಸ್, ಎರಡು ಪಟ್ಟಿ ಮಾಡಿ ಬಿಂದು ಗುರುತಿಸಿ ಸ್ಕೇಲಲ್ಲಿ ಗೆರೆ ಎಳೆಯೋದು, ಎರಡು ಗೆರೆ ಸೇರೋ ಜಾಗನೇ ಉತ್ತರ. ಸಂಖ್ಯಾಶಾಸ್ತ್ರದಲ್ಲಿ ಸರಾಸರಿ, ಮಧ್ಯಾಂಕ, ಬಹುಲಕ, ಇದರಲ್ಲೊಂದು ಲೆಕ್ಕಕ್ಕೆ 3 ಮಾರ್ಕ್ಸ್, ಸೂತ್ರ ಬಾಯಿಪಾಠ ಇದ್ರೆ ಬರೀ ಕೂಡೋದು ಭಾಗಿಸೋದು. ಇವೆರಡೇ ಏಳಾಯ್ತು ನೋಡಿ. ಅದರ ಮೇಲೆ ಥೇಲ್ಸ್ ಪ್ರಮೇಯ ಒಂದು ಹತ್ತು ಸಲ ಬರೆದು ಬರೆದು ಕೈಗೆ ಕೂರಿಸ್ಕೊಂಡ್ರೆ, ಸಮಾಂತರ ಶ್ರೇಢಿ ಸೂತ್ರ ಕಲಿತ್ರೆ ಪಾಸಾಗೋದೇನು ದೂರ ಇಲ್ಲ. ಹಳೇ ಪೇಪರು, ಮಾದರಿ ಪೇಪರು ಎಲ್ಲಾ ಪರೀಕ್ಷಾ ಮಂಡಳಿ ವೆಬ್‌ಸೈಟಲ್ಲಿ ಪುಕ್ಕಟೆ ಸಿಗುತ್ತೆ. ದಿನಾ ಒಂದು ಪೇಪರ್ ಗಡಿಯಾರ ಇಟ್ಕೊಂಡು ಬರೀರಿ, ಯಾರ ಹತ್ರನಾದ್ರೂ ತಿದ್ದಿಸಿ. ಹತ್ತು ತಿಂಗಳು ಅರ್ಥ ಆಗದಿದ್ದ ಮಗೂಗೆ ಮತ್ತದೇ ಪುಸ್ತಕ ಮೊದಲನೇ ಪುಟದಿಂದ ಓದು ಅಂತ ಕೂರಿಸೋದು ಹಿಂಸೆ ಅಷ್ಟೇ.

ಮಾರ್ಕ್ಸ್ ಬಗ್ಗೆ ಡೌಟ್ ಇರೋರು ಮೊದ್ಲು ಉತ್ತರ ಪತ್ರಿಕೆ ಸ್ಕ್ಯಾನ್ ಕಾಪಿಗೆ ಅರ್ಜಿ ಹಾಕಿ. ಅದು ಬಂದ್ಮೇಲೇನೇ ಮರುಎಣಿಕೆ, ಮರುಮೌಲ್ಯಮಾಪನ. ಸ್ಕ್ಯಾನ್ ಕಾಪಿಯಿಂದ ಇನ್ನೊಂದು ಉಪಯೋಗ ಇದೆ, ಮಗು ಎಲ್ಲಿ ಕೈ ಬಿಟ್ಟಿದೆ, ಎಲ್ಲಿ ಅರ್ಧ ಬರೆದು ನಿಲ್ಲಿಸಿದೆ ಅಂತ ಕಣ್ಣಾರೆ ಕಾಣುತ್ತೆ. ಆದ್ರೆ ಅದನ್ನೇ ನಂಬ್ಕೊಂಡು ಪರೀಕ್ಷೆ-2ಕ್ಕೆ ಹೆಸರು ಕೊಡದೇ ಕೂರಬೇಡಿ, ಎರಡೂ ಒಟ್ಟಿಗೇ ನಡೀಲಿ.

ಪಾಸಾಗಿ ಮಾರ್ಕ್ಸ್ ಕಮ್ಮಿ ಬಂದಿದೆ ಅಂತ ಸೊರಗಿರೋ ಮಕ್ಕಳೂ ಇದಾರೆ. ವಿದ್ಯಾನಗರದಂಥ ಬಡಾವಣೆ ಮನೆಗಳಲ್ಲಿ 78 ಪರ್ಸೆಂಟ್ ಬಂದ್ರೂ ಸೂತಕದ ಮನೆ ಥರ ಆಗಿರುತ್ತೆ. ಅವರಿಗೆ ಒಂದೇ ಮಾತು, ಮುಂದೆ ಓದೋಕೆ ದಾರಿ ಊರಲ್ಲೇ ಇದೆ. ನಮ್ಮ ಡಿ.ಆರ್.ಆರ್. ಸರ್ಕಾರಿ ಪಾಲಿಟೆಕ್ನಿಕ್ಕಲ್ಲಿ ಮೂರು ವರ್ಷ ಡಿಪ್ಲೊಮಾ ಮಾಡಿ ಡಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆದ್ರೆ ಸೀದಾ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರ್ತಾರೆ, 1951ರಿಂದ ಇರೋ ನಮ್ಮ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಿಗೂ ಹಂಗೆ ಸೇರಬಹುದು. ಕಾಮರ್ಸು, ಆರ್ಟ್ಸು ಅಂದ್ರೆ ಮೂಗು ಮುರಿಯೋದನ್ನೂ ಬಿಡ್ಬೇಕು. ಐಟಿಐನಲ್ಲಿ ವೆಲ್ಡರ್ ಥರದ ಕೆಲವು ಟ್ರೇಡಿಗೆ ಎಂಟನೇ ಕ್ಲಾಸ್ ಪಾಸಾಗಿದ್ರೂ ಸೀಟ್ ಕೊಡ್ತಾರೆ, ಅದು ತೀರಾ ಓದೋಕೆ ಆಗಲ್ಲ ಅನ್ನೋ ಹುಡುಗರಿಗೆ ಒಳ್ಳೇ ಕಸುಬು. ಆದ್ರೆ ಎಸ್ಸೆಸ್ಸೆಲ್ಸಿ ಮುಗಿಸ್ಕೊಂಡೇ ಹೋದ್ರೆ ಮುಂದೆ ನೌಕರಿಗೆ ಅನುಕೂಲ.

ನನಗೆ ಜಾಸ್ತಿ ಸಂಕಟ ಆಗೋದು ಬೇರೆ ಕಡೆ. ಗಂಡುಹುಡುಗ ಫೇಲಾದ ತಕ್ಷಣ ಮಂಡಕ್ಕಿ ಭಟ್ಟಿಗೋ, ಗ್ಯಾರೇಜಿಗೋ, ಬೆಂಗಳೂರು ಬೇಕರಿಗೋ ಹೋಗ್ತಾನೆ, ಕೈಗೆ ನಾಲ್ಕು ಕಾಸು ಬಂದ್ಮೇಲೆ ವಾಪಸ್ ಬೆಂಚಿಗೆ ಬಂದು ಕೂರೋದು ಕಷ್ಟ. ಹೆಣ್ಣುಮಗು ಆದ್ರೆ "ಇನ್ನೇನು ಓದ್ತಾಳೆ" ಅಂತ ಗಂಡು ನೋಡೋಕೆ ಶುರು ಮಾಡ್ತಾರೆ. ಹದಿನೆಂಟು ತುಂಬದೇ ಮದುವೆ ಮಾಡೋದು ಅಪರಾಧ, ಯಾರಿಗಾದ್ರೂ ಗೊತ್ತಾದ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಇದು ನಮ್ಮನೆ ವಿಷಯ ಅಲ್ಲ ಅಂತ ಸುಮ್ಮನಿರಬೇಡಿ. ಆನಗೋಡಿನ ಆ ಹುಡುಗಿ ವಿಷಯದಲ್ಲಿ ನನಗಿರೋ ಭಯನೂ ಇದೇ.

ಸಂಬಂಧಿಕರಿಗೆ ಒಂದು ಮಾತು. ಮೇ ತಿಂಗಳು ಮದುವೆ ಸೀಸನ್, ಕಲ್ಯಾಣ ಮಂಟಪದಲ್ಲಿ ಊಟದ ಪಂಕ್ತೀಲಿ ಎಲೆ ಮುಂದೆ ಕೂತಿರೋ ಮಗೂಗೆ "ಎಷ್ಟು ಬಂತಪ್ಪ?" ಅಂತ ಜೋರಾಗಿ ಕೇಳ್ಬೇಡಿ, ಗೊತ್ತಿದ್ದೂ ಅಂತೂ ಕೇಳ್ಲೇಬೇಡಿ. ದೊಡ್ಡಪ್ಪನ ಮಗನ ಜೊತೆ ಹೋಲಿಸೋದು ಬೇಡ. ಅಪ್ಪ ಅಮ್ಮ ಬೈಯೋದು ಅವರ ಸಂಕಟಕ್ಕೆ, ಅರ್ಥ ಆಗುತ್ತೆ, ಟ್ಯೂಷನ್ ಫೀಸಿಗೆ ಸಂಘದಲ್ಲಿ ಸಾಲ ಎತ್ತಿರ್ತಾರೆ. ಆದ್ರೂ ಮಗು ಊಟ ಬಿಟ್ರೆ, ಮಾತು ಬಿಟ್ರೆ, ನಿದ್ದೆ ಮಾಡ್ದೇ ಇದ್ರೆ, "ನಾನಿದ್ದು ಏನ್ ಉಪಯೋಗ" ಅನ್ನೋ ಥರ ಮಾತಾಡಿದ್ರೆ ನಾಟಕ ಅನ್ಕೋಬೇಡಿ, ಒಂಟಿಯಾಗಿ ಬಿಡಬೇಡಿ, ರಾತ್ರಿ ಪಕ್ಕದಲ್ಲೇ ಮಲಗಿಸ್ಕೊಳ್ಳಿ. 14416 ಅಂತ ಟೆಲಿ ಮಾನಸ್ ನಂಬರ್ ಇದೆ, ಮನಸ್ಸಿನ ಕಷ್ಟ ಹೇಳ್ಕೊಳ್ಳೋಕೆ ಇರೋ ಸರ್ಕಾರಿ ಸಹಾಯವಾಣಿ, ದಿನದ 24 ಗಂಟೆನೂ ಪುಕ್ಕಟೆ, ಕನ್ನಡದಲ್ಲೇ ಮಾತಾಡ್ತಾರೆ. ಮಗುನೂ ಮಾಡ್ಬಹುದು, ಅಪ್ಪ ಅಮ್ಮನೂ ಮಾಡ್ಬಹುದು.

ಪೇಪರಿನೋರಾದ ನಿಮ್ಮ ಹತ್ರನೂ ಒಂದು ಬೇಡಿಕೆ. ಟಾಪರ್ ಫೋಟೋ ಹಾಕೋ ಪುಟದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ, ಪರೀಕ್ಷೆ-2 ಯಾವತ್ತು, ಹೆಸರು ಕೊಡೋಕೆ ಕೊನೇ ದಿನ ಯಾವುದು, ಸ್ಕ್ಯಾನ್ ಕಾಪಿಗೆ ಎಲ್ಲಿವರೆಗೆ ಟೈಮಿದೆ ಅನ್ನೋದನ್ನ ಹಾಕಿ. ಒಂದು ದಿನ ಹಾಕಿ ಬಿಟ್ರೆ ಸಾಲಲ್ಲ, ಕೊನೇ ದಿನದವರೆಗೂ ದಿನಾ ಹಾಕಿ, ಹಳ್ಳಿಗೆ ಪೇಪರ್ ಎಲ್ಲರ ಮನೆಗೂ ಬರಲ್ಲ, ಟೀ ಅಂಗಡೀಲಿ ಒಬ್ರು ಓದಿ ಹತ್ತು ಜನಕ್ಕೆ ಹೇಳ್ತಾರೆ.

ಕೊನೇದಾಗಿ, ದಾವಣಗೆರೇಲಿ ರಿಟೈರ್ಡ್ ಗಣಿತ, ವಿಜ್ಞಾನ, ಇಂಗ್ಲಿಷ್ ಮೇಷ್ಟ್ರು ಮೇಡಮ್ಮುಗಳು ಭಾಳ ಜನ ಇದೀರಿ. ನಿಟುವಳ್ಳಿ, ವಿನೋಬನಗರ, ಆಜಾದ್ ನಗರ, ಯಾವ ಏರಿಯಾ ಆದ್ರೂ ಸರಿ, ಒಂದು ಸಮುದಾಯ ಭವನನೋ ದೇವಸ್ಥಾನದ ಹಜಾರನೋ ನೋಡ್ಕೊಂಡು ಪರೀಕ್ಷೆ-2ರವರೆಗೆ ಸಾಯಂಕಾಲ ಎರಡು ಗಂಟೆ ಈ ಮಕ್ಕಳಿಗೆ ಪಾಠ ಹೇಳೋಕೆ ಯಾರಾದ್ರೂ ಮುಂದೆ ಬಂದ್ರೆ, ಅಲ್ಲಿಗೆ ಬರೋ ಎಲ್ಲಾ ಮಕ್ಕಳ ಪ್ರಶ್ನೆಪತ್ರಿಕೆ, ನೋಟ್ಸು ಜೆರಾಕ್ಸ್ ಖರ್ಚು ನಂದು. ಆಸಕ್ತಿ ಇರೋರು ನಿಮ್ಮ ಪತ್ರಿಕೆ ಮೂಲಕ ತಿಳಿಸಿದ್ರೆ ನಾನೇ ಬಂದು ಭೇಟಿಯಾಗ್ತೀನಿ.

ಇಂತಿ,
ಜೆರಾಕ್ಸ್ ಅಂಗಡಿಯವ,
ದಾವಣಗೆರೆ