ಕೆಳಗಿನ ಗಿರಣಿಯಿಂದ ಮೇಲಿನ ಕೋಣೆಯವರೆಗೆ

ಭಾನುವಾರ ಸಂಜೆ ಪ್ರದರ್ಶನ ಮುಗಿಯಿತು. 27 ಚಿತ್ರಗಳನ್ನು ಗೋಡೆಯಿಂದ ಇಳಿಸಿ, ನಡುನಡುವೆ ಬಟರ್ ಪೇಪರ್ ಇಟ್ಟು ಕಟ್ಟಿ, ಆಟೋದಲ್ಲಿ ಮನೆಗೆ ತಂದದ್ದಾಯಿತು. ಐದು ದಿನವೂ ಬಂದವರಿಗೆಲ್ಲ ನಿಂತಲ್ಲೇ ಕೈಮುಗಿದಿದ್ದೇನೆ. ಆದರೆ ಕೆಲವು ಋಣಗಳು ಅಷ್ಟಕ್ಕೆ ತೀರುವಂಥವಲ್ಲ. ವರ್ಷದ ಹಿಂದೆ ಇದೇ ಬಲಗೈಯಲ್ಲಿ ನನಗೆ ತುತ್ತು ಎತ್ತಲೂ ಆಗುತ್ತಿರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ನಡೆಸಿಕೊಂಡು ಬಂದವರನ್ನು ಸಮಾಧಾನವಾಗಿ ಕುಳಿತು ನೆನೆಯಬೇಕು ಎನ್ನಿಸಿದೆ. ‘ಪ್ರದರ್ಶನದಲ್ಲಿ ಹೆಸರು ಹಾಕಿದ್ದು ಸಾಕು, ಎಲ್ಲರ ಮೊಬೈಲಿಗೂ ಹೋಗುವುದು ಬೇಡ’ ಎಂದು ಅವರಲ್ಲಿ ಇಬ್ಬರು ಕೇಳಿಕೊಂಡಿದ್ದಾರೆ. ಹಾಗಾಗಿ ಇಲ್ಲಿ ಯಾರ ಹೆಸರನ್ನೂ ಬರೆಯುತ್ತಿಲ್ಲ.

ಕಳೆದ ವರ್ಷ ಆಷಾಢದ ಮಳೆಯಲ್ಲಿ ಮನೆಯ ಮೆಟ್ಟಿಲ ಮೇಲೆ ಜಾರಿ ಬಿದ್ದೆ. ಬಲಗೈ ಮಣಿಕಟ್ಟಿನ ಮೂಳೆ ಎರಡು ಕಡೆ ಮುರಿಯಿತು. ಆರು ವಾರ ಪ್ಲಾಸ್ಟರ್. ಬಿಚ್ಚಿದ ಮೇಲೆ ನೋಡಿದರೆ ಕೈ ಬಡಕಲಾಗಿತ್ತು, ಬೆರಳುಗಳು ಮಡಚುತ್ತಿರಲಿಲ್ಲ. ನಾನು ಮರದಚ್ಚಿನ ಚಿತ್ರ ಮಾಡುವವಳು. ಹಲಗೆಯ ಮೇಲೆ ಚಿತ್ರವನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಬರೆದುಕೊಂಡು, ಬಿಳಿಯಾಗಿ ಕಾಣಬೇಕಾದ ಜಾಗವನ್ನೆಲ್ಲ ಉಳಿಯಿಂದ ಕೆತ್ತಿ ತೆಗೆದು, ಉಬ್ಬಿ ನಿಂತ ಭಾಗಕ್ಕೆ ರೋಲರ್‌ನಿಂದ ಮಸಿ ಹಚ್ಚಿ, ಮೇಲೆ ಕಾಗದ ಹಾಸಿ ಚಮಚದ ಬೆನ್ನಿನಿಂದ ಉಜ್ಜಿದರೆ ಚಿತ್ರ ಮೂಡುತ್ತದೆ. ಇದರಲ್ಲಿ ಕಣ್ಣಿನ ಪಾಲು ಎಷ್ಟಿದೆಯೋ ಮಣಿಕಟ್ಟಿನ ಪಾಲೂ ಅಷ್ಟೇ ಇದೆ. ಉಳಿಯನ್ನು ಕೂದಲೆಳೆಯಷ್ಟು ಹೆಚ್ಚು ಒತ್ತಿದರೆ ಗೆರೆ ಹೋಯಿತು. ಹೋದ ಗೆರೆಯನ್ನು ಮರ ಹಿಂದಿರುಗಿಸುವುದಿಲ್ಲ.

ಬೀಳುವ ಮೊದಲು ಹದಿಮೂರು ವರ್ಷ ನಾನು ಕೆತ್ತಿದ್ದೆಲ್ಲ ಬೇಲೂರಿನ ಮದನಿಕೆಯರನ್ನು, ಹಳೇಬೀಡಿನ ಗೋಡೆಗಳನ್ನು. ಹಾಸನದ ಕಲಾವಿದೆ ಎಂದರೆ ಜನ ಕೇಳುವುದೂ ಅದನ್ನೇ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಕೇಳುವವರು ಇನ್ನೂ ಹೆಚ್ಚಾದರು. ಆ ಕೆಲಸ ಮಾಡಿದ್ದಕ್ಕೆ ನನಗೆ ಬೇಸರವಿಲ್ಲ. ಹೊಯ್ಸಳೇಶ್ವರನ ಗೋಡೆಯ ಬುಡದ ಆನೆಸಾಲಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಕಳೆದ ಮಧ್ಯಾಹ್ನಗಳೇ ನನ್ನ ಕಾಲೇಜು. ಆದರೆ ಮುರಿದ ಕೈಗೆ ಮದನಿಕೆಯ ಬಳೆಯಷ್ಟು ಸಣ್ಣ ಗೆರೆ ಇನ್ನು ಬಾರದು ಎಂದು ಗೊತ್ತಾದ ದಿನ, ಅದನ್ನು ಬಿಟ್ಟರೆ ಕೆತ್ತುವುದಕ್ಕೆ ನನ್ನ ಬಳಿ ಬೇರೆ ಏನೂ ಇಲ್ಲ ಎಂಬುದೂ ಗೊತ್ತಾಯಿತು. ಕೈನೋವಿಗಿಂತ ಹೆಚ್ಚು ಅತ್ತದ್ದು ಅದಕ್ಕೆ.

ಪೆನ್ಷನ್ ಮೊಹಲ್ಲಾ ಕಡೆ ಒಂದು ಹಿಟ್ಟಿನ ಗಿರಣಿಯ ಮೇಲಿನ ಕೋಣೆಯನ್ನು ಆರು ವರ್ಷದಿಂದ ಬಾಡಿಗೆಗೆ ಹಿಡಿದಿದ್ದೇನೆ. ಬಾಡಿಗೆ ಕಡಿಮೆ ಎಂಬುದಷ್ಟೇ ಅದನ್ನು ಹಿಡಿಯಲು ಕಾರಣ. ನೆಲ ಅದುರುತ್ತದೆ, ಕಿಟಕಿಯ ಸರಳುಗಳ ಮೇಲೆ ರಾಗಿ ಹಿಟ್ಟಿನ ಬೂದುಬಣ್ಣ ಕುಳಿತಿರುತ್ತದೆ. ಅದನ್ನು ದಿನವೂ ಒರೆಸುತ್ತಿದ್ದೆನೇ ಹೊರತು ಒಮ್ಮೆಯೂ ನೋಡಿರಲಿಲ್ಲ. ಕಾರ್ತಿಕ ಮಾಸದ ಒಂದು ಮಂಗಳವಾರ, ಏನೂ ಮಾಡಲಾಗದೆ ಸುಮ್ಮನೆ ಕುಳಿತಿದ್ದಾಗ, ಕೆಳಗೆ ಗಿರಣಿ ನಿಂತಿತ್ತು. ನಿಶ್ಶಬ್ದದೊಳಗಿನಿಂದ ಟಣ್, ಟಣ್ ಎಂದು ಉಳಿಯ ಸದ್ದು ಬಂತು. ಇಳಿದು ಹೋದೆ.

ಗಿರಣಿಯ ಅಣ್ಣ ಬೀಸುವ ಕಲ್ಲನ್ನು ಎತ್ತಿ ಗೋಣಿಚೀಲದ ಮೇಲೆ ಮಲಗಿಸಿ, ಪಕ್ಕದಲ್ಲಿ ಚಕ್ಕಂಬಕ್ಕಳ ಹಾಕಿ ಕುಳಿತು, ಅದರ ಗೀರುಗಳನ್ನು ಹೊಸದಾಗಿ ಹೊಡೆಯುತ್ತಿದ್ದರು. ಬೀಸಿ ಬೀಸಿ ಗೀರು ಸವೆಯುತ್ತದೆಯಂತೆ, ಆಗ ಹಿಟ್ಟು ಕಾದು ಬರುತ್ತದೆಯಂತೆ. ‘ಗೀರು ಹೋದರೆ ಕಲ್ಲು ಅರೆಯುವುದಿಲ್ಲ ಮಿಸ್, ಬರೀ ಉಜ್ಜುತ್ತದೆ’ ಎಂದರು. ನಡುವಿನ ಕುಳಿಯಿಂದ ಅಂಚಿನವರೆಗೆ ಸೂರ್ಯನ ಕಿರಣದಂತೆ ಗೀರುಗಳು. ಒಳಗೆ ಆಳ, ಅಂಚಿಗೆ ಬರುತ್ತ ತೆಳು. ಕಾಳು ಒಳಗೆ ಒಡೆಯಬೇಕು, ಅಂಚಿಗೆ ಬರುವಷ್ಟರಲ್ಲಿ ನುಣ್ಣಗಾಗಬೇಕು, ಅದಕ್ಕೆ ಹಾಗೆ. ಉಳಿಯನ್ನು ಅವರು ಹಿಡಿದಿದ್ದ ಓರೆಯನ್ನು ನೋಡಿದೆ. ಪ್ರತಿ ಏಟಿಗೂ ಮಣಿಕಟ್ಟು ಅಲುಗುತ್ತಿರಲಿಲ್ಲ, ಮೊಣಕೈಯಿಂದ ಬರುತ್ತಿತ್ತು ಬಲ. ಹೊಯ್ಸಳರ ಉಳಿಯನ್ನು ಕೊಂಡಾಡುತ್ತ ಬೆಳೆದ ನಾನು, ಆರು ವರ್ಷ ನನ್ನ ಕಾಲಡಿಯಲ್ಲೇ ಇದ್ದ ಈ ಉಳಿಯನ್ನು ಕೇಳಿಸಿಕೊಂಡಿರಲಿಲ್ಲ.

ಆ ಕಲ್ಲು ಕೆತ್ತಿ ಮುಗಿಸಿದ ಅಚ್ಚುಹಲಗೆಯಂತೆ ಕಂಡಿತು. ಊಟಕ್ಕೆ ಹಿಟ್ಟು ಕೊಡುವ ಕಲ್ಲು, ಮಸಿ ಹಚ್ಚುವಂತಿಲ್ಲ. ನಮ್ಮದು ಹಲ್ಮಿಡಿ ಶಾಸನ ಸಿಕ್ಕಿದ ಜಿಲ್ಲೆ. ಶಾಸನದ ಮೇಲೆ ಕಾಗದ ಒತ್ತಿ ಪಡಿಯಚ್ಚು ತೆಗೆಯುವ ವಿಷಯ ನೆನಪಿಗೆ ಬಂತು. ಮೇಲೆ ಹೋಗಿ ದೊಡ್ಡ ಕಾಗದವನ್ನೂ ಕಪ್ಪು ಮೇಣದ ಬಳಪವನ್ನೂ ತಂದೆ. ಅಣ್ಣ ಕಲ್ಲಿನ ಪುಡಿಯನ್ನು ಬ್ರಷ್‌ನಲ್ಲಿ ಗುಡಿಸಿ, ಕಾಗದದ ಎರಡು ಮೂಲೆಗಳನ್ನು ಹಿಡಿದು ಕುಳಿತರು. ನಾನು ಎಡಗೈಯಲ್ಲಿ ಉಜ್ಜಿದೆ. ಗೀರುಗಳು ಒಂದೊಂದಾಗಿ ಬಿಳಿಯಾಗಿ ಉಳಿದು ಸುತ್ತಲೂ ಕಪ್ಪು ತುಂಬುತ್ತ ಬಂದ ಆ ಇಪ್ಪತ್ತು ನಿಮಿಷ ನನಗೆ ಮರುಜನ್ಮ. ಹೊರಗೆ ಚೀಲ ಹಿಡಿದುಕೊಂಡು ನಿಂತಿದ್ದ ನಾಲ್ಕೈದು ಮಂದಿ ಒಂದು ಮಾತೂ ಆಡದೆ ಕಾದರು. ನೀವು ಯಾರೋ ನನಗೆ ಗೊತ್ತಿಲ್ಲ. ಆ ದಿನ ನಿಮ್ಮ ಮನೆಯ ಮುದ್ದೆ ತಡವಾಗಿರಬಹುದು. ನಿಮಗೂ ನಮಸ್ಕಾರ.

ಕೈಗೆ ಬಲ ತಂದುಕೊಟ್ಟವರು ಇಬ್ಬರು. ಒಬ್ಬರು ಫಿಸಿಯೊಥೆರಪಿಯ ತಂಗಿ. ನಾನು ಕೋಪ ಮಾಡಿಕೊಂಡ ದಿನವೂ ನಗುತ್ತಲೇ ಬೆರಳು ಬಿಡಿಸಿದವಳು. ಇನ್ನೊಬ್ಬರು ಕಟ್ಟಿನಕೆರೆ ಮಾರುಕಟ್ಟೆಯ ಹೂವಿನ ಅಕ್ಕ. ಅವರ ಮಗ ನನ್ನ ಡ್ರಾಯಿಂಗ್ ತರಗತಿಯಲ್ಲಿದ್ದವನು. ನಾನು ರಬ್ಬರ್ ಚೆಂಡು ಹಿಸುಕುತ್ತ ಹೂವಿಗೆ ನಿಂತದ್ದನ್ನು ನೋಡಿ, ‘ಅದನ್ನು ಎಷ್ಟು ದಿನ ಹಿಸುಕುತ್ತೀರಿ ಮಿಸ್, ಬನ್ನಿ, ಇದನ್ನು ಕಟ್ಟಿ’ ಎಂದು ಒದ್ದೆ ಬಾಳೆನಾರು ಕೈಗೆ ಕೊಟ್ಟರು. ಈ ಕಡೆಗೆ ಎರಡು ಕಾಕಡ, ಆ ಕಡೆಗೆ ಎರಡು, ಒಂದು ಸುತ್ತು, ಒಂದು ಕುಣಿಕೆ, ಒಂದು ಎಳೆತ. ಎಳೆತ ಹೆಚ್ಚಾದರೆ ತೊಟ್ಟು ಮುರಿಯುತ್ತದೆ, ಕಡಿಮೆಯಾದರೆ ಹೂ ಉದುರುತ್ತದೆ. ಉಳಿಗೆ ಬೇಕಾದದ್ದೂ ಅದೇ ಹದ. ಮೊದಲ ತಿಂಗಳು ನಾನು ಕಟ್ಟಿದ ಸಡಿಲ ಮಾಲೆಗಳನ್ನು ಅವರು ಗಿರಾಕಿಗಳಿಗೆ ಕೊಡಲಿಲ್ಲ, ಎಸೆಯಲೂ ಇಲ್ಲ. ಅಂಗಡಿಯ ಲಕ್ಷ್ಮಿಯ ಪಟಕ್ಕೆ ಹಾಕಿದರು. ಒಂದು ಸಂಜೆ ಒಂದು ಮೊಳ ಅಳೆದು, ಏನೂ ಹೇಳದೆ, ನನ್ನ ಮಾಲೆಯನ್ನು ಒಬ್ಬ ಅಜ್ಜಿಗೆ ಮಾರಿದರು. ನಾನು ಕಣ್ಣು ಒರೆಸಿಕೊಂಡದ್ದನ್ನು ಅವರು ನೋಡಿದರೋ ಇಲ್ಲವೋ.

ಪ್ರದರ್ಶನದಲ್ಲಿ ನೀವು ನೋಡಿದ ಹೂಕಟ್ಟಿನ ಹನ್ನೊಂದು ಚಿತ್ರಗಳು ಅವರ ಬೆರಳುಗಳವು. ಗೆರೆ ದಪ್ಪವಾಗಿದೆ, ಒರಟಾಗಿದೆ. ಈಗಿನ ನನ್ನ ಕೈ ಕೊಡುವುದು ಅಷ್ಟನ್ನೇ. ಅದು ನನಗೆ ಇಷ್ಟವಾಗಿದೆ.

ಸಿಲ್ವರ್ ಓಕ್‌ನ ತುಂಡು ಹಲಗೆಗಳನ್ನು ನಯಸು ಹೊಡೆದು ಕೊಟ್ಟು, ಕಾಸು ಮುಟ್ಟದ ಬಡಗಿ ಮಾವ, ಮೂರು ತಿಂಗಳು ನನ್ನ ಪೀರಿಯಡ್‌ಗಳನ್ನು ಹಂಚಿಕೊಂಡ ಶಾಲೆಯ ಗೆಳತಿಯರು, ಬೆಳಗಿನ ಅಡುಗೆಯನ್ನು ತಮ್ಮದೇ ಮಾಡಿಕೊಂಡ ನಮ್ಮ ಮನೆಯವರು: ನಿಮಗೆಲ್ಲ ನಾನು ಚಿರಋಣಿ. ಮಗಳೇ, ಮಸಿಯ ರೋಲರ್ ಎಳೆದದ್ದು ನೀನು. ಪರೀಕ್ಷೆಯ ಹಿಂದಿನ ದಿನವೂ ನಿನ್ನ ಉಗುರುಗಳಲ್ಲಿ ಕಪ್ಪಿತ್ತು.

ಹೊಯ್ಸಳರ ಕಾಲದ ಶಿಲ್ಪಿಗಳು ಮೂರ್ತಿಯ ಕೆಳಗೆ ತಮ್ಮ ಹೆಸರು ಕೊರೆದರು. ರೂವಾರಿ ಮಲ್ಲಿತಮ್ಮ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಂದಿಗೂ ನಮಗೆ ಗೊತ್ತಿರುವುದು ಅದರಿಂದಲೇ. ಅದನ್ನು ನೆನೆದು ಈ ಬಾರಿ ಪ್ರತಿ ಚಿತ್ರದ ಚೀಟಿಯಲ್ಲೂ ಎರಡು ಹೆಸರು ಬರೆದೆ: ಕೆಲಸ ಯಾರದೋ ಅವರದು ಮೊದಲು, ಚಿತ್ರ ಮಾಡಿದ ನನ್ನದು ಆಮೇಲೆ. ಹಾಸನಾಂಬೆಯ ದರ್ಶನಕ್ಕೆ ಸರದಿಯಲ್ಲಿ ನಿಂತು ದಣಿದು, ಹಾಗೆಯೇ ಒಳಗೆ ಬಂದ ಪರ ಊರಿನವರು ಕೆಲವರು ಆ ಚೀಟಿಗಳನ್ನು ಗಟ್ಟಿಯಾಗಿ ಓದಿಕೊಂಡರು. ಅವರ ಬಾಯಲ್ಲಿ ನಮ್ಮ ಬೀದಿಯವರ ಹೆಸರು ಕೇಳಿ ನನಗೆ ಆದ ಸಂತೋಷವನ್ನು ಬರೆಯಲು ಬರುವುದಿಲ್ಲ.

ಗಿರಣಿಯ ಅಣ್ಣ ಬಂದದ್ದು ಕೊನೆಯ ದಿನ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಅತ್ತಿಗೆಯನ್ನೂ ಕರೆದುಕೊಂಡು. ಉಳಿದ ಚಿತ್ರಗಳನ್ನೆಲ್ಲ ಬೇಗ ಬೇಗ ನೋಡಿ ಕಲ್ಲಿನ ಪಡಿಯಚ್ಚಿನ ಮುಂದೆ ತುಂಬ ಹೊತ್ತು ನಿಂತರು. ಕನ್ನಡಕ ಹಣೆಗೆ ಏರಿಸಿ, ಎಡಭಾಗದ ಒಂದು ಗೀರಿನ ಹತ್ತಿರ ಬೆರಳು ಒಯ್ದು, ಮುಟ್ಟದೆ ತೋರಿಸಿದರು. ‘ಇಲ್ಲಿ ಆಳ ಸಾಲಲಿಲ್ಲ ಮಿಸ್. ನೋಡಿ, ಅರ್ಧಕ್ಕೇ ನಿಂತಿದೆ. ಕಲ್ಲಿನಲ್ಲಿ ನನಗೆ ಕಂಡಿರಲೇ ಇಲ್ಲ. ಮುಂದಿನ ಸಲ ಸರಿಯಾಗಿ ಹೊಡೆಯುತ್ತೇನೆ, ನೀವು ಇನ್ನೊಮ್ಮೆ ಕಾಗದ ತನ್ನಿ.’

ಬರುವ ಮಂಗಳವಾರ ಕಲ್ಲು ಎತ್ತುತ್ತಾರಂತೆ. ಕಾಗದ ಕತ್ತರಿಸಿ ಇಟ್ಟುಕೊಂಡಿದ್ದೇನೆ.