ಸೋಗಾನೆಯಲ್ಲೇ ದಾರಿ ಹೇಳಿಕೊಡಿ: ಶಿವಮೊಗ್ಗದ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರ.

ಸೋಗಾನೆಯಲ್ಲಿರುವ ನಮ್ಮ ಶಿವಮೊಗ್ಗ ವಿಮಾನ ನಿಲ್ದಾಣದ ವಿಷಯದಲ್ಲಿ ನಿಮಗೆ ಬರುವ ಮನವಿಗಳಲ್ಲಿ ಹೊಸ ಊರಿಗೆ ವಿಮಾನ ಬಿಡಿಸಿ, ಟಿಕೆಟ್ ದರ ಇಳಿಸಿ ಅನ್ನುವುದೇ ಜಾಸ್ತಿ ಇರಬಹುದು. ನಾನು ಕೇಳುತ್ತಿರುವುದು ಬೇರೆ. ಸೋಗಾನೆಯಲ್ಲಿ ವಿಮಾನ ಹತ್ತಿ, ಬೆಂಗಳೂರಲ್ಲಿ ಇಳಿದು, ಅಲ್ಲಿಂದ ದುಬೈಗೋ ದೋಹಾಗೋ ಹೋಗಿ, ಮತ್ತೆ ಇನ್ನೊಂದು ವಿಮಾನ ಹಿಡಿದು ಮಕ್ಕಳ ಮನೆ ಸೇರುವ ನಮ್ಮ ಕಡೆಯ ಹಿರಿಯರಿಗೆ ಆ ದಾರಿ ಹೇಗಿರುತ್ತದೆ ಅಂತ ಕನ್ನಡದಲ್ಲಿ ಹೇಳಿಕೊಡುವವರು ಸೋಗಾನೆಯಲ್ಲೇ ಬೇಕು. ಒಂದು ಮೇಜು, ಅಲ್ಲಿ ವಿಷಯ ಗೊತ್ತಿರುವ ಒಬ್ಬರು, ಕೈಗೆ ಕೊಡಲು ಕನ್ನಡದಲ್ಲಿ ಅಚ್ಚಾದ ನಾಲ್ಕು ಪುಟ. ಇಷ್ಟೇ.

ತೀರ್ಥಹಳ್ಳಿ, ಹೊಸನಗರ, ಸಾಗರ, ಕೊಪ್ಪ, ಈ ಕಡೆ ಯಾವ ಊರಿಗೆ ಹೋದರೂ ಮಗನೋ ಮಗಳೋ ಹೊರದೇಶದಲ್ಲಿರುವ ಮನೆಗಳು ಸಿಗುತ್ತವೆ. ಮಗಳ ಬಾಣಂತನಕ್ಕೆ ಅಂತ ಅಮ್ಮ ಹೊರಡುತ್ತಾರೆ. ಅಡಿಕೆ ಕೊಯ್ಲು ಮುಗಿದ ಮೇಲೆ ಅಪ್ಪ ಹೊರಡುತ್ತಾರೆ. ಎಷ್ಟೋ ಜನರಿಗೆ ಅದೇ ಮೊದಲ ವಿಮಾನ. ತೋಟ, ಕೊಟ್ಟಿಗೆ, ಸೊಸೈಟಿ ವ್ಯವಹಾರ ಎಲ್ಲವನ್ನೂ ಒಬ್ಬರೇ ನಿಭಾಯಿಸಿದವರು ಇವರು. ಧೈರ್ಯಕ್ಕೇನೂ ಕೊರತೆಯಿಲ್ಲ. ಗೊತ್ತಿಲ್ಲದ್ದನ್ನು ಯಾರೂ ಮೊದಲೇ ಹೇಳಿಲ್ಲ, ಅಷ್ಟೇ.

ನಮ್ಮ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು, ಅದೇ ವರ್ಷ ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕರ ವಿಮಾನ ಬಂತು. ಸುಮಾರು 450 ಕೋಟಿ ರೂಪಾಯಿ ಖರ್ಚು, 3.2 ಕಿಲೋಮೀಟರ್ ಉದ್ದದ ರನ್‌ವೇ. ಇದರಿಂದ ತುಂಬಾ ಅನುಕೂಲವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಬದಲಾವಣೆಯನ್ನು ಯಾರೂ ಗಮನಿಸಿದಂತಿಲ್ಲ. ಮೊದಲೆಲ್ಲ ಅಮ್ಮನನ್ನು ಕಳಿಸಲು ಮನೆಯವರು ಯಾರಾದರೂ ರಾತ್ರಿ ಬಸ್ಸಿನಲ್ಲೋ ರೈಲಿನಲ್ಲೋ ಬೆಂಗಳೂರಿಗೆ ಹೋಗಿ, ದೇವನಹಳ್ಳಿಯ ನಿಲ್ದಾಣದ ಬಾಗಿಲವರೆಗೂ ಜೊತೆಗಿದ್ದು, ಸರಿಯಾದ ಬಾಗಿಲು ತೋರಿಸಿ, ಒಳಗೆ ಹೋಗಿದ್ದು ನೋಡಿಕೊಂಡು ಬರುತ್ತಿದ್ದರು. ಈಗ ಆ ಜೊತೆ ಸೋಗಾನೆಯ ಬಾಗಿಲಲ್ಲೇ ಮುಗಿಯುತ್ತದೆ. ಬೆಂಗಳೂರಿನ ದೊಡ್ಡ ನಿಲ್ದಾಣವನ್ನು ಅವರು ಒಬ್ಬರೇ ದಾಟಬೇಕು.

ಅದೇನು ಸಣ್ಣ ಕೆಲಸವಲ್ಲ. ಕೆಂಪೇಗೌಡ ನಿಲ್ದಾಣದಲ್ಲಿ ಎರಡು ಟರ್ಮಿನಲ್ ಇವೆ. 2023ರ ಸೆಪ್ಟೆಂಬರ್ 12ರಿಂದ ಹೊರದೇಶದ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ಗೆ ಹೋದವು. ಒಂದನೇ ಟರ್ಮಿನಲ್ ದೇಶದೊಳಗಿನ ವಿಮಾನಗಳಿಗೆ. ಶಿವಮೊಗ್ಗದಿಂದ ಹೋದವರು ಯಾವ ಟರ್ಮಿನಲ್‌ನಲ್ಲಿ ಇಳಿಯುತ್ತಾರೆ ಅನ್ನುವುದು ಹತ್ತಿದ ಕಂಪನಿಯ ಮೇಲೆ ಹೋಗುತ್ತದೆ. ಒಂದನೆಯದರಲ್ಲಿ ಇಳಿದರೆ ಸಾಮಾನ್ಯವಾಗಿ ಲಗೇಜು ತೆಗೆದುಕೊಂಡು, ಹೊರಗೆ ಬಂದು, ಟರ್ಮಿನಲ್‌ಗಳ ನಡುವೆ ಓಡಾಡುವ ಬಸ್ಸು ಹಿಡಿದು, ಎರಡನೆಯದರ ಬಾಗಿಲಲ್ಲಿ ಭದ್ರತೆಗಿರುವ ಸಿಐಎಸ್‌ಎಫ್‌ನವರಿಗೆ ಪಾಸ್‌ಪೋರ್ಟು, ಟಿಕೆಟ್ ತೋರಿಸಿ, ಮತ್ತೆ ಚೆಕ್-ಇನ್, ಇಮಿಗ್ರೇಶನ್, ಸೆಕ್ಯೂರಿಟಿ ಎಲ್ಲ ಮುಗಿಸಬೇಕು. ಹೊರದೇಶದ ವಿಮಾನಕ್ಕೆ ಸಾಮಾನ್ಯವಾಗಿ ಮೂರು ಗಂಟೆ ಮೊದಲೇ ಬನ್ನಿ ಅನ್ನುತ್ತಾರೆ, ಒಂದು ಗಂಟೆ ಮೊದಲು ಕೌಂಟರ್ ಮುಚ್ಚುತ್ತಾರೆ. ಹೀಗಿರುವಾಗ ಎರಡು ವಿಮಾನಗಳ ನಡುವೆ ಎರಡು ಗಂಟೆ ಇಟ್ಟುಕೊಂಡು ಟಿಕೆಟ್ ತೆಗೆದರೆ ಸಾಕಾಗುವುದಿಲ್ಲ. ಅದರಲ್ಲೂ ಮಳೆಗಾಲದಲ್ಲಿ, ಮೋಡ ಇಳಿದು ದಾರಿ ಕಾಣದೆ ವಿಮಾನ ತಡವಾಗುವ ದಿನಗಳಲ್ಲಿ, ನಾಲ್ಕೈದು ಗಂಟೆ ಇದ್ದರೂ ಎದೆ ಡವಡವ ಅನ್ನುತ್ತದೆ.

ಟಿಕೆಟ್ ವಿಷಯದಲ್ಲೇ ಇನ್ನೊಂದು ಇದೆ. ಸೋಗಾನೆಯಿಂದ ಬೆಂಗಳೂರಿಗೆ ಒಂದು, ಬೆಂಗಳೂರಿನಿಂದ ಮುಂದಕ್ಕೆ ಇನ್ನೊಂದು ಅಂತ ಬೇರೆ ಬೇರೆ ಟಿಕೆಟ್ ತೆಗೆದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಎರಡನೇ ಕಂಪನಿಯವರಿಗೆ ಅದು ಸಂಬಂಧವಿಲ್ಲ. ಒಂದೇ ಬುಕಿಂಗ್‌ನಲ್ಲಿ ಇದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವ ಜವಾಬ್ದಾರಿ ಅವರದ್ದು. ಲಗೇಜಿನದ್ದೂ ಹಾಗೇ. ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ ಚೆಕ್-ಇನ್ ಲಗೇಜು 15 ಕೆಜಿ. ಅಮೆರಿಕಕ್ಕೆ ಹೋಗುವ ಎಷ್ಟೋ ವಿಮಾನಗಳಲ್ಲಿ 23 ಕೆಜಿಯ ಎರಡು ಪೆಟ್ಟಿಗೆ. ಬೇರೆ ಬೇರೆ ಟಿಕೆಟ್ ಇದ್ದವರು 46 ಕೆಜಿ ಕಟ್ಟಿಕೊಂಡು ಸೋಗಾನೆಗೆ ಬಂದರೆ ಅಲ್ಲೇ ಹೆಚ್ಚಿನ ದುಡ್ಡು ಕಟ್ಟಬೇಕು, ಇಲ್ಲವೇ ಪೆಟ್ಟಿಗೆ ಬಿಚ್ಚಿ ಅರ್ಧ ಸಾಮಾನು ವಾಪಸ್ ಕಳಿಸಬೇಕು. ಟಿಕೆಟ್ ತೆಗೆಯುವ ಮೊದಲು ಇದು ಗೊತ್ತಿರಬೇಕು ಅಲ್ವಾ?

ಇನ್ನು ಪೆಟ್ಟಿಗೆ ಒಳಗಿನ ಸಾಮಾನು. ಇಲ್ಲಿ ಸ್ವಲ್ಪ ನಿಂತು ಓದಿ ಸರ್, ಯಾಕೆಂದರೆ ಬೆಂಗಳೂರಿನವರು ಬರೆದ ಸೂಚನೆಯಲ್ಲಿ ಮಲೆನಾಡಿನ ಅಡುಗೆಮನೆ ಇರುವುದಿಲ್ಲ. ಹೊರದೇಶದ ವಿಮಾನಕ್ಕೆ ಕೈಚೀಲದಲ್ಲಿ ದ್ರವ ಒಯ್ಯುವುದಾದರೆ 100 ಮಿಲಿ ಮೀರದ ಡಬ್ಬಿಯಲ್ಲಿರಬೇಕು, ಎಲ್ಲ ಡಬ್ಬಿಗಳೂ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಯಬೇಕು. ನೀರು, ಎಣ್ಣೆ ದ್ರವ ಅಂತ ಎಲ್ಲರಿಗೂ ಗೊತ್ತು. ಜೋನಿ ಬೆಲ್ಲವೂ ಆ ಲೆಕ್ಕಕ್ಕೇ ಬರುತ್ತದೆ, ತುಪ್ಪವೂ ಬರುತ್ತದೆ, ರಸ ಇರುವ ಅಪ್ಪೆಮಿಡಿ ಉಪ್ಪಿನಕಾಯಿಯನ್ನೂ ತಡೆಯುತ್ತಾರೆ ಅಂತ ಯಾರು ಹೇಳಬೇಕು? ಅಡಕತ್ತರಿ ಕೈಚೀಲದಲ್ಲಿ ಇರುವಂತಿಲ್ಲ. ಪವರ್ ಬ್ಯಾಂಕ್ ಉಲ್ಟಾ, ಅದು ಕೈಚೀಲದಲ್ಲೇ ಇರಬೇಕು, ದೊಡ್ಡ ಪೆಟ್ಟಿಗೆಗೆ ಹಾಕುವಂತಿಲ್ಲ. ಒಣ ಕೊಬ್ಬರಿಯಲ್ಲಿ ಎಣ್ಣೆ ಇರುವುದರಿಂದ ಅದನ್ನು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ವಸ್ತುವಿನ ಪಟ್ಟಿಯಲ್ಲಿ ಇಟ್ಟಿದ್ದಾರೆ, ಗಿಟುಕು ಸಿಕ್ಕರೆ ತೆಗೆಸುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು ಗಸಗಸೆ. ನಮ್ಮಲ್ಲಿ ಪಾಯಸಕ್ಕೆ, ಬಾಣಂತಿಯ ಅಂಟಿನುಂಡೆಗೆ ಹಾಕುವ ಈ ಗಸಗಸೆ ಯುಎಇಯಲ್ಲಿ ಮಾದಕ ವಸ್ತುವಿನ ಕಾನೂನಿನ ಕೆಳಗೆ ಬರುತ್ತದೆ, ನಿಷೇಧವಿದೆ. ದುಬೈನಲ್ಲಿ ಬರೀ ವಿಮಾನ ಬದಲಿಸುವವರೂ ಅದನ್ನು ಇಟ್ಟುಕೊಳ್ಳದಿರುವುದೇ ಕ್ಷೇಮ. ಮಗಳಿಗೆ ಅಂತ ಪ್ರೀತಿಯಿಂದ ಕಟ್ಟಿದ ಉಂಡೆ ಡಬ್ಬಿ ಒಬ್ಬ ತಾಯಿಯನ್ನು ಪರದೇಶದ ಪೊಲೀಸರ ಮುಂದೆ ನಿಲ್ಲಿಸಬಾರದು. ಈ ಒಂದು ಸಾಲಿಗಾಗಿಯಾದರೂ ಆ ನಾಲ್ಕು ಪುಟ ಅಚ್ಚಾಗಬೇಕು ಅಂತ ನನಗೆ ಅನಿಸುತ್ತದೆ.

ವಿಮಾನ ಬದಲಿಸುವ ಊರಿನಲ್ಲಿ ಗೊಂದಲ ಇನ್ನೂ ಜಾಸ್ತಿ. ಇಳಿದ ತಕ್ಷಣ ಎಲ್ಲರೂ ಒಂದು ಕಡೆ ನಡೆಯುತ್ತಾರೆ, ನಮ್ಮವರೂ ಹಿಂದೆಯೇ ನಡೆಯುತ್ತಾರೆ. ಆದರೆ ಅವರಲ್ಲಿ ಅರ್ಧ ಜನ ಆ ಊರಿಗೇ ಬಂದವರು, ಹೊರಗೆ ಹೋಗುವವರು. ಮುಂದಿನ ವಿಮಾನ ಹಿಡಿಯುವವರು ಕನೆಕ್ಷನ್ಸ್ ಅಥವಾ ಟ್ರಾನ್ಸ್‌ಫರ್ಸ್ ಅಂತ ಬರೆದ ಬೋರ್ಡ್ ಹಿಡಿದು ಹೋಗಬೇಕು, ಅರೈವಲ್ಸ್ ಅಥವಾ ಬ್ಯಾಗೇಜ್ ಅಂತ ಇರುವ ಕಡೆ ಹೋಗಬಾರದು. ಬೆಂಗಳೂರಲ್ಲಿ ಸೆಕ್ಯೂರಿಟಿ ಆಗಿದ್ದರೂ ಅಲ್ಲಿ ಇನ್ನೊಮ್ಮೆ ಆಗುತ್ತದೆ, ವಿಮಾನದಲ್ಲಿ ಕೊಟ್ಟ ನೀರಿನ ಬಾಟಲಿಯನ್ನೂ ಬಿಡಬೇಕಾಗುತ್ತದೆ. ದುಬೈನ ಮೂರನೇ ಟರ್ಮಿನಲ್ ಒಂದರಲ್ಲೇ ಎ, ಬಿ, ಸಿ ಅಂತ ಮೂರು ಭಾಗಗಳಿವೆ, ಎ ಭಾಗಕ್ಕೆ ಒಳಗೇ ರೈಲು ಹತ್ತಿ ಹೋಗಬೇಕು. ಬೋರ್ಡಿಂಗ್ ಪಾಸಿನಲ್ಲಿ ಅಚ್ಚಾದ ಗೇಟು ಆಮೇಲೆ ಬದಲಾಗಬಹುದು. ಸಮಯ ಆ ಊರಿನದು, ನಮ್ಮ ಕೈಗಡಿಯಾರದ್ದಲ್ಲ. ಬೋರ್ಡ್‌ಗಳ ಚಿತ್ರ ಹಾಕಿ, ಪಕ್ಕದಲ್ಲಿ ಕನ್ನಡದಲ್ಲಿ ಬರೆದರೆ ಎಷ್ಟು ಸಲೀಸು ನೋಡಿ.

ಅಮೆರಿಕಕ್ಕೆ ಹೋಗುವವರಿಗೆ ಇನ್ನೊಂದು. ಅಲ್ಲಿ ಮೊದಲು ಇಳಿದ ಊರಲ್ಲೇ ಇಮಿಗ್ರೇಶನ್ ಮುಗಿಸಿ, ಪೆಟ್ಟಿಗೆ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಪೆಟ್ಟಿಗೆ ಕೊಟ್ಟು ಮುಂದಿನ ವಿಮಾನಕ್ಕೆ ಹೋಗಬೇಕು. ಅಬುಧಾಬಿಯಲ್ಲಿ ವಿಮಾನ ಬದಲಿಸಿ ಹೋದರೆ ಅಮೆರಿಕದ ಈ ತಪಾಸಣೆ ಅಬುಧಾಬಿಯಲ್ಲೇ ಆಗುತ್ತದೆ. ವಾಪಸ್ ಬರುವಾಗಲೂ ಅಷ್ಟೇ, ದೆಹಲಿಯಲ್ಲೋ ಮುಂಬೈಯಲ್ಲೋ ಮೊದಲು ಇಳಿದರೆ ಸಾಮಾನ್ಯವಾಗಿ ಅಲ್ಲೇ ಇಮಿಗ್ರೇಶನ್, ಕಸ್ಟಮ್ಸ್ ಮುಗಿಸಿ ಆಮೇಲೆ ಬೆಂಗಳೂರಿನ ವಿಮಾನ. ಇನ್ನು ಕೆಲವು ದೇಶಗಳಲ್ಲಿ ಹೊರಗೆ ಕಾಲಿಡದೆ ಬರೀ ವಿಮಾನ ಬದಲಿಸಲೂ ವೀಸಾ ಕೇಳುತ್ತಾರೆ, ಅದನ್ನು ಟಿಕೆಟ್ ತೆಗೆಯುವ ಮೊದಲೇ ನೋಡಿಕೊಳ್ಳಬೇಕು.

ವೀಲ್‌ಚೇರ್ ಬಗ್ಗೆ ನಿಮಗೆ ಹೇಳಲೇಬೇಕು. ಗುಡ್ಡ ಹತ್ತಿ ತೋಟಕ್ಕೆ ನೀರು ಬಿಡುವ ಅಪ್ಪನಿಗೂ, ದಿನವಿಡೀ ನಿಂತು ಕೆಲಸ ಮಾಡುವ ಅಮ್ಮನಿಗೂ ಮಕ್ಕಳು ವೀಲ್‌ಚೇರ್ ಬುಕ್ ಮಾಡುತ್ತಾರೆ. ನಡೆಯಲು ಆಗುವುದಿಲ್ಲ ಅಂತಲ್ಲ. ದಾರಿ ಗೊತ್ತಿರುವ ಒಬ್ಬರು ಜೊತೆಗಿರಲಿ ಅಂತ. ಅವರಿಗೆ ಬೇಕಿರುವುದು ಕುರ್ಚಿಯಲ್ಲ, ಮನುಷ್ಯರು. ಹೀಗಾಗಿ ನಿಜವಾಗಿ ನಡೆಯಲಾರದವರಿಗೆ ಕುರ್ಚಿ ಸಿಗುವುದು ತಡವಾಗುತ್ತದೆ. ನಮ್ಮ ಪಕ್ಕದ ಮನೆಯ ಅಮ್ಮನನ್ನು ಹೊರದೇಶದ ಒಂದು ದೊಡ್ಡ ನಿಲ್ದಾಣದಲ್ಲಿ ಹೀಗೇ ಕುರ್ಚಿಯಲ್ಲಿ ಕೂರಿಸಿ, ಒಂದು ಮೂಲೆಯಲ್ಲಿ ಬೇರೆಯವರ ಜೊತೆ ಬಿಟ್ಟು ಹೋದರು. ಮೂರು ಗಂಟೆಗೂ ಮೀರಿ ಯಾರೂ ತಿರುಗಿ ನೋಡಲಿಲ್ಲ. ಗೇಟು ಬದಲಾಗಿದ್ದು ಅವರಿಗೆ ತಿಳಿಯಲಿಲ್ಲ, ಶೌಚಾಲಯಕ್ಕೆ ಹೋಗಬೇಕು ಅಂತ ಹೇಳಲೂ ಭಾಷೆ ಬರಲಿಲ್ಲ. ಕೊನೆಗೆ ಗುಂಪಿನಲ್ಲಿದ್ದ ಒಬ್ಬ ತೆಲುಗು ಹುಡುಗಿ ಗಮನಿಸಿ ಓಡಾಡಿ ವಿಮಾನ ಹತ್ತಿಸಿದಳು. ಆ ಹುಡುಗಿ ಅಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿದರೆ ಇವತ್ತಿಗೂ ಸಂಕಟವಾಗುತ್ತದೆ.

ಹೊರದೇಶದ ನಿಲ್ದಾಣವನ್ನು ನೀವು ಸರಿಮಾಡಬೇಕು ಅಂತ ನಾನು ಕೇಳುತ್ತಿಲ್ಲ. ಆದರೆ ಆ ಅಮ್ಮನ ಕೈಯಲ್ಲಿ ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್ ಇರುವ ಚೀಟಿ ಇದ್ದಿದ್ದರೆ ಸಾಕಿತ್ತು. ‘ನನ್ನ ಗೇಟು ಯಾವುದು ತೋರಿಸಿ’, ‘ಶೌಚಾಲಯ ಎಲ್ಲಿ’, ‘ನಾನು ಮಾತ್ರೆ ತೆಗೆದುಕೊಳ್ಳಬೇಕು’, ‘ನನ್ನ ಮಗಳಿಗೆ ಫೋನ್ ಮಾಡಿಕೊಡಿ’. ಬೆರಳಿಟ್ಟು ತೋರಿಸಿದ್ದರೆ ಯಾರಾದರೂ ನೆರವಾಗುತ್ತಿದ್ದರು. ಅರಬ್ ದೇಶಗಳಿಗೆ ಅಂತ ಅರೇಬಿಕ್ಕಿನಲ್ಲೂ ಅದೇ ಸಾಲುಗಳಿದ್ದರೆ ಇನ್ನೂ ಒಳ್ಳೆಯದು.

ಇದಕ್ಕೆಲ್ಲ ಕೋಟಿಗಟ್ಟಲೆ ಬೇಡ ಸರ್. ನಿಲ್ದಾಣ ನಡೆಸುತ್ತಿರುವುದು ರಾಜ್ಯ ಸರ್ಕಾರ, ವಿಮಾನಯಾನ ಇಲಾಖೆ ಕೇಂದ್ರದ್ದು, ಎರಡೂ ಕಡೆ ಮಾತಾಡಬಲ್ಲವರು ನೀವು. ಪಕ್ಷ, ಸರ್ಕಾರ ಯಾವುದೇ ಇರಲಿ, ಒಂದು ಮೇಜಿಗೆ ಯಾರೂ ಅಡ್ಡ ಬರಲಾರರು. ನಿಲ್ದಾಣಕ್ಕೆ ಕುವೆಂಪು ಅವರ ಹೆಸರಿಟ್ಟಿದ್ದೇವೆ, ಅಲ್ಲಿ ಕನ್ನಡದಲ್ಲಿ ದಾರಿ ಕೇಳುವ ಹಕ್ಕಾದರೂ ನಮ್ಮವರಿಗೆ ಇರಲಿ. ಪಾಸ್‌ಪೋರ್ಟ್ ಮಾಡಿಸಲು ಬಂದವರಿಗೂ ಈ ಪುಟಗಳನ್ನು ಕೊಡಬಹುದು, ಅಲ್ಲಿಂದಲೇ ತಯಾರಿ ಶುರುವಾಗುತ್ತದೆ. ತಿಂಗಳಿಗೊಂದು ದಿನ, ವಿಮಾನ ಇಲ್ಲದ ಹೊತ್ತಿನಲ್ಲಿ, ಸೋಗಾನೆಯ ಹೊರಗಿನ ಹಜಾರದಲ್ಲಿ ಮೊದಲ ಸಲ ಹೋಗುವವರನ್ನು ಕೂರಿಸಿ ಟ್ರೇಯಲ್ಲಿ ಏನಿಡಬೇಕು, ಬೆಲ್ಟು ಯಾವಾಗ ಬಿಚ್ಚಬೇಕು, ಮಂಗಳಸೂತ್ರಕ್ಕೆ ಯಂತ್ರ ಸದ್ದು ಮಾಡಿದರೆ ಗಾಬರಿಯಾಗದೆ ಏನು ಹೇಳಬೇಕು ಅಂತ ಮಾಡಿ ತೋರಿಸಿದರೆ, ಸುಮ್ನೆ ಕಾಗದ ಓದುವುದಕ್ಕಿಂತ ಹತ್ತು ಪಟ್ಟು ತಲೆಗೆ ಹೋಗುತ್ತದೆ.

ಬೆಂಗಳೂರಿನಲ್ಲೂ ಒಂದು ಕೊಂಡಿ ಬೇಕು. ಇಂಥವರು ಇಂಥ ವಿಮಾನದಲ್ಲಿ ಬರುತ್ತಿದ್ದಾರೆ, ಮುಂದೆ ಹೊರದೇಶಕ್ಕೆ ಹೋಗುವವರು ಅಂತ ಸೋಗಾನೆಯಿಂದ ತಿಳಿಸಿದರೆ, ಅಲ್ಲಿ ಒಬ್ಬರು ಸಿಕ್ಕಿ ಎರಡನೇ ಟರ್ಮಿನಲ್‌ನ ಬಾಗಿಲವರೆಗೆ ಬಿಡುವ ಹಾಗಾಗಬೇಕು. ಇದನ್ನು ವಿಮಾನ ಕಂಪನಿಗಳ ಜೊತೆ ಕೂತು ಮಾತಾಡಿ. ವೀಲ್‌ಚೇರ್ ಕೇಳದೆಯೇ ಹಿರಿಯರಿಗೆ ಜೊತೆ ಸಿಗುವ ವ್ಯವಸ್ಥೆಗೆ ನಿಯಮ ತರುತ್ತೀರಾ ಅಂತ ಲೋಕಸಭೆಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಿ.

ನಮ್ಮ ಊರಿನ ಕೆಲವರು ಸೇರಿ ಆ ನಾಲ್ಕು ಪುಟಗಳ ಕರಡು ಬರೆಯುತ್ತಿದ್ದೇವೆ. ನಿಯಮಗಳು ಬದಲಾಗುತ್ತಿರುತ್ತವೆ, ಆದ್ದರಿಂದ ಅಧಿಕಾರಿಗಳು ಒಮ್ಮೆ ನೋಡಿ ತಿದ್ದಿಕೊಡಬೇಕು. ಮಳೆ ಹಿಡಿಯುವ ಮೊದಲು ನಿಮ್ಮ ಶಿವಮೊಗ್ಗದ ಕಚೇರಿಯಲ್ಲಿ ಅರ್ಧ ಗಂಟೆ ಸಮಯ ಕೊಟ್ಟರೆ ತಂದು ತೋರಿಸುತ್ತೇವೆ.

ಇತಿ,
ತೀರ್ಥಹಳ್ಳಿ ತಾಲ್ಲೂಕಿನ ಒಬ್ಬ ಮತದಾರಳು