ಬೇತಮಂಗಲದಿಂದ ನೇತ್ರಾವತಿಯವರೆಗೆ

ಬೇತಮಂಗಲ, ಕೋಲಾರ ಜಿಲ್ಲೆ

ಪ್ರಿಯ ಗೆಳೆಯ,

ನಿನ್ನ ಪತ್ರ ಬಂದು ಮೂರು ವಾರವಾಯಿತು. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಕೆಲಸ ಬಿಟ್ಟು, ಕೈಗೆ ಬಂದ ಹಣದಲ್ಲಿ ಮೊದಲು ಊರು ಸುತ್ತಲು ಹೊರಟಿದ್ದು ಸರಿಯೇ ಎಂದು ಕೇಳಿದ್ದೆ. ನಮ್ಮ ಮೇಲಿನ ಕಾಳಜಿಯಿಂದ ಕೇಳಿದ ಮಾತಾದ್ದರಿಂದ ಒಂದು ಸಾಲಿನಲ್ಲಿ ಉತ್ತರಿಸಲು ಮನಸ್ಸು ಬರಲಿಲ್ಲ.

ಇಪ್ಪತ್ತನಾಲ್ಕು ವರ್ಷ ನಾನು ಮಾಡಿದ್ದು ರೈತರ ಬೋರ್‌ವೆಲ್‌ಗಳಿಗೆ ಪಂಪು, ಮೋಟಾರು ಇಳಿಸುವ ಕೆಲಸ. ಸೇರಿದ ಹೊಸದರಲ್ಲಿ 400 ಅಡಿ ಎಂದರೆ ಆಳವೆನ್ನುತ್ತಿದ್ದೆವು. ಕಡೆಕಡೆಗೆ 1,400 ಅಡಿ ಕೊರೆಸಿದರೂ ಬರೀ ಕಲ್ಲಿನ ಪುಡಿ ಹಾರಿ, ಆ ಬಿಳಿ ದೂಳು ರೈತನ ತಲೆಯ ಮೇಲೂ, ಅವನ ಹೆಂಡತಿ ಪೂಜೆಗೆಂದು ಹಿಡಿದು ನಿಂತ ಅರಿಶಿನ ಕುಂಕುಮದ ತಟ್ಟೆಯ ಮೇಲೂ ಕೂರುವುದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು. ನನ್ನ ಹೆಂಡತಿ ಹತ್ತೊಂಬತ್ತು ವರ್ಷ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದವಳು. ಪಶ್ಚಿಮಕ್ಕೆ ಹರಿಯುವ ನದಿಗಳ ಹೆಸರನ್ನು ನಮ್ಮ ಸೀಮೆಯ ಮಕ್ಕಳಿಗೆ ಪ್ರತಿ ವರ್ಷ ಬಾಯಿಪಾಠ ಮಾಡಿಸಿದ್ದಳೇ ಹೊರತು ಅವುಗಳಲ್ಲಿ ಒಂದನ್ನೂ ಕಂಡಿರಲಿಲ್ಲ. ಆ ಹೆಸರುಗಳನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಅವಳೇ ಹೇಳಿದಳು.

ಫೆಬ್ರುವರಿ ಕೊನೆಯ ವಾರ, ಇಲ್ಲಿ ಮಾವು ಹೂ ಬಿಟ್ಟಿದ್ದಾಗ, ಹಳೆಯ ಮಾರುತಿ ಕಾರಿನಲ್ಲಿ ಹೊರಟೆವು. ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಾಟಿ ಇಳಿದು ಕಾರವಾರ ಸೇರಿದೆವು. ಲೆಕ್ಕ ಉತ್ತರದಿಂದಲೇ ಶುರುವಾಗಲೆಂದು ಮರುದಿನ ಬೆಳಿಗ್ಗೆ ಕಾಳಿ ನದಿಯನ್ನು ದಾಟಿ ಸದಾಶಿವಗಡಕ್ಕೆ ಹೋಗಿ, ಅಲ್ಲಿಂದ ಕಾರನ್ನು ದಕ್ಷಿಣಕ್ಕೆ ತಿರುಗಿಸಿದೆವು. ಮಂಗಳೂರಿನವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 270 ಕಿ.ಮೀ. ಮನಸ್ಸು ಮಾಡಿದರೆ ಒಂದೇ ದಿನದಲ್ಲಿ ಮುಗಿಸಬಹುದಾದ ಆ ದಾರಿಗೆ ನಾವು ಹನ್ನೊಂದು ದಿನ ತೆಗೆದುಕೊಂಡೆವು, ಏಕೆಂದರೆ ಪ್ರತಿ ಸೇತುವೆಯ ಆಚೆ ಕಾರು ನಿಲ್ಲಿಸಿ, ನಡೆದು ಹಿಂದಕ್ಕೆ ಬಂದು, ನದಿಯನ್ನು ನೋಡಿದ ಮೇಲೆಯೇ ಅವಳು ನೋಟ್‌ಬುಕ್ಕಿನಲ್ಲಿ ಅದರ ಹೆಸರು ಬರೆಯುತ್ತಿದ್ದಳು.

ಅಘನಾಶಿನಿಯ ಬಳಿ ಮೂರು ದಿನ ಉಳಿದೆವು. ಎಲ್ಲಿಯೂ ಅಣೆಕಟ್ಟಿಲ್ಲದೆ ಹರಿದು ಬರುವ ನದಿ ಅದು. ಅದರ ಅಳಿವೆ 2024ರಲ್ಲಿ ರಾಮ್‌ಸಾರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಪಟ್ಟಿಗೆ ಸೇರಿದೆ. ಇಳಿತದ ಹೊತ್ತಿಗೆ ನೀರು ಹಿಂದೆ ಸರಿದಾಗ ಹೆಂಗಸರು ಮೊಣಕಾಲುದ್ದದ ಕೆಸರಿನಲ್ಲಿ ಬಗ್ಗಿ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದರು. ಒಬ್ಬಾಕೆ ತನ್ನ ಬುಟ್ಟಿಯಿಂದ ಒಂದನ್ನು ತೆಗೆದು ನನ್ನ ಹೆಂಡತಿಯ ಅಂಗೈಯಲ್ಲಿಟ್ಟಳು. ತಣ್ಣಗಿದ್ದ, ಗೆರೆಗೆರೆಯ ಆ ಚಿಪ್ಪು ಸ್ವಲ್ಪವೇ ಬಾಯಿ ತೆರೆದು ಒಂದೆರಡು ಹನಿ ನೀರು ಚಿಮ್ಮಿ ಮತ್ತೆ ಮುಚ್ಚಿಕೊಂಡಿತು. ಸಾಣಿಕಟ್ಟೆಯ ಉಪ್ಪಿನ ಆಗರಗಳಲ್ಲಿ ಭರತದ ನೀರನ್ನು ಮಡಿಯಿಂದ ಮಡಿಗೆ ಹರಿಸಿ, ಬಿಸಿಲಿಗೆ ಇಂಗಿಸಿ, ಉಪ್ಪನ್ನು ಬಳಿದು ಗುಡ್ಡೆ ಹಾಕುತ್ತಿದ್ದರು. ನಮ್ಮಲ್ಲಿ ಎಲ್ಲವನ್ನೂ ಸುಡುವ ಬಿಸಿಲು ಅಲ್ಲಿ ಜನರಿಗೆ ಕೂಲಿಯಾಗುತ್ತಿತ್ತು. ಆದರೆ ನಾವು ಉಳಿದಿದ್ದ ಮನೆಯ ಬಾವಿಯ ನೀರು ಕುಡಿಯಲು ಬರುತ್ತಿರಲಿಲ್ಲ. ಬೇಸಗೆಯಲ್ಲಿ ಉಪ್ಪುನೀರು ನುಗ್ಗುತ್ತದೆಯೆಂದು ಮನೆಯಾಕೆ ದೂರದಿಂದ ಕೊಡ ಹೊತ್ತು ತರುತ್ತಿದ್ದರು. ಸುತ್ತಲೂ ಅಷ್ಟು ನೀರಿರುವ ಊರಿನಲ್ಲಿಯೂ ಹೆಣ್ಣುಮಕ್ಕಳ ಸೊಂಟದ ಮೇಲೆ ಕೊಡ ಕಂಡು ನನಗೆ ಬಹಳ ಸಂಕಟವಾಯಿತು.

ಹೊನ್ನಾವರದ ಶರಾವತಿ ಸೇತುವೆಯ ಮೇಲೆ ನನ್ನ ಹೆಂಡತಿ ಬಹಳ ಹೊತ್ತು ಮಾತಾಡಲಿಲ್ಲ. ಶರಾವತಿಯ ಉದ್ದ ಸುಮಾರು 128 ಕಿ.ಮೀ. ನಮ್ಮ ಪಾಲಾರ್ ಸಮುದ್ರ ಸೇರುವ ಹೊತ್ತಿಗೆ ಸುಮಾರು 350 ಕಿ.ಮೀ. ಸಾಗಿರುತ್ತದೆ. ಉದ್ದದಲ್ಲಿ ಹಿರಿಯದು ನಮ್ಮದೇ, ಆದರೆ ನಮ್ಮೂರಲ್ಲಿ ನಾವು ಕಂಡಿದ್ದು ಹೆಚ್ಚಾಗಿ ಅದರ ಮರಳನ್ನೇ. ಸಮುದ್ರದ ಗಾಳಿ ಹೊತ್ತು ತರುವ ಮೋಡವನ್ನು ಘಟ್ಟವೇ ತಡೆದು ಸುರಿಸಿಕೊಳ್ಳುವುದರಿಂದ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ, ನಮಗೆ 700ರ ಆಸುಪಾಸು ಎಂಬುದನ್ನು ಅವಳು ಎಷ್ಟೋ ಸಲ ಕರಿಹಲಗೆಯ ಮೇಲೆ ಬರೆದಿದ್ದಳು. ಆ ಅಂಕಿಯ ಅರ್ಥ ಇಷ್ಟು ಅಗಲದ ನದಿಯೆಂದು ಈಗ ತಿಳಿಯಿತು ಎಂದಳು.

ಮುರ್ಡೇಶ್ವರದ 123 ಅಡಿಯ ಶಿವನ ಮುಂದೆ ಎಲ್ಲರಂತೆ ನಾವೂ ಫೋಟೊ ತೆಗೆಸಿಕೊಂಡೆವು. ಮರವಂತೆಯಲ್ಲಿ ಮಾತ್ರ ಒಂದು ಇಡೀ ಸಂಜೆ ಕೂತೆವು. ರಸ್ತೆಯ ಒಂದು ಮಗ್ಗುಲಿಗೆ ಅಲೆ ಬಡಿಯುವ ಕಡಲು, ಇನ್ನೊಂದು ಮಗ್ಗುಲಿಗೆ ಅಲುಗಾಡದ ಸೌಪರ್ಣಿಕಾ. ಕಡಲಿನ ಪಕ್ಕಕ್ಕೇ ಬಂದ ನದಿ ಅದನ್ನು ಸೇರದೆ ತಿರುಗಿ, ಮುಂದೆ ವಾರಾಹಿ, ಚಕ್ರಾ ಮೊದಲಾದ ನದಿಗಳೊಡನೆ ಕೂಡಿ ಗಂಗೊಳ್ಳಿಯ ಬಳಿ ಸಮುದ್ರ ಸೇರುತ್ತದೆ. ಉಡುಪಿಯ ಆಚೀಚೆ ಸೀತಾ, ಸ್ವರ್ಣಾ, ಉದ್ಯಾವರ ಬೇಗಬೇಗ ಬಂದವು. ಮುಲ್ಕಿಯಲ್ಲಿ ಶಾಂಭವಿ ಸಿಕ್ಕಿದಳು. ಉಳ್ಳಾಲದ ಬಳಿ ನೇತ್ರಾವತಿಯ ಹೆಸರು ಬರೆದು ನೋಟ್‌ಬುಕ್ ಮುಚ್ಚಿದಾಗ ಪಟ್ಟಿಯಲ್ಲಿ ಹದಿನಾಲ್ಕು ಹೆಸರುಗಳಿದ್ದವು.

ಊರಿಗೆ ಮರಳಿದ ಸಂಜೆಯೇ ಇಬ್ಬರೂ ಕೆರೆಯ ಏರಿಯ ಮೇಲೆ ನಡೆದೆವು. ಕೆಜಿಎಫ್ ಗಣಿಗಳಿಗೆ ನೀರು ಕೊಟ್ಟ ಕೆರೆ, ಪಾಲಾರಿನದೇ ಕೆರೆ. ಪಟ್ಟಿಯ ಕೆಳಗೆ ಅವಳು ಹದಿನೈದನೆಯದಾಗಿ ಪಾಲಾರ್ ಎಂದು ಬರೆದು, ಪಕ್ಕದಲ್ಲಿ ‘ಇನ್ನೂ ಪೂರ್ತಿ ನೋಡಿಲ್ಲ’ ಎಂದು ಸೇರಿಸಿದ್ದಾಳೆ. ನಂದಿ ಬೆಟ್ಟದ ಸೀಮೆಯಿಂದ ಇಲ್ಲಿಯವರೆಗೆ ಅದರ ದಡ ಹಿಡಿದು, ಕೆರೆಯಿಂದ ಕೆರೆಗೆ ನಡೆದು ಬರಬೇಕೆಂದು ನಿಶ್ಚಯಿಸಿದ್ದೇವೆ. ಮಾವು ಹಣ್ಣಾಗುವ ಹೊತ್ತಿಗೆ ರಜೆ ಹಾಕಿ ಬಾ, ಮೂವರೂ ಹೊರಡೋಣ. ಅತ್ತಿಗೆಯವರೂ ಬರುವುದಾದರೆ ನಾಲ್ವರಾಗುತ್ತೇವೆ. ಅವರಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು.

ನಿನ್ನ ಗೆಳೆಯ